ಅಂಚು ಕತ್ತರಿಸಿದ ನಕ್ಷೆ

ಜುಲೈ ತಿಂಗಳ ಒಂದು ಶನಿವಾರ ಬೆಳಿಗ್ಗೆ ಏಳೂಕಾಲಿಗೆ ನಾನೂ ಮಗಳು ಅನ್ವಿಯೂ ಬೂನ್ ಲೇ ನಿಲ್ದಾಣದಲ್ಲಿ ರೈಲು ಹತ್ತಿದೆವು. ನನ್ನ ಕೈಯಲ್ಲಿ ಸುರುಳಿ ಸುತ್ತಿದ ನಕ್ಷೆ, ಅವಳ ಕೈಯಲ್ಲಿ ಫೋನು. ಜೂರಾಂಗ್ ಈಸ್ಟ್‌ನಲ್ಲಿ ಗಾಡಿ ಬದಲಿಸಿ ಉತ್ತರಕ್ಕೆ ಹೋಗುವ ಕೆಂಪು ಲೈನ್ ಹಿಡಿದರೆ ಯಿಶುನ್‌ಗೆ ಒಂದು ಗಂಟೆಯ ಹಾದಿ. ಟಿಕೆಟ್ಟಿಗೆ ಎರಡು ಡಾಲರ್‌ಗಿಂತ ತುಸು ಹೆಚ್ಚು. ರಾತ್ರಿ ಸುರಿದ ಮಳೆ ನಿಂತಿತ್ತು, ಆದರೆ ಬಿಸಿಲು ಇನ್ನೂ ಮೈಮುರಿದು ಎದ್ದಿರಲಿಲ್ಲ. ಅನ್ವಿ ಸೀಟು ಸಿಕ್ಕಿದ ಕೂಡಲೇ ನಿದ್ದೆ ಹೋದಳು. ಹದಿನೇಳರ ವಯಸ್ಸಿಗೆ ಶನಿವಾರದ ಏಳೂಕಾಲು ಎಂದರೆ ಮಧ್ಯರಾತ್ರಿಯೇ ಸರಿ.

ಹಳೆಯ ನಕ್ಷೆಗಳ ಹುಚ್ಚು ನನಗೆ ಹಿಡಿದು ನಾಲ್ಕು ವರ್ಷವಾಯಿತು. ವಾರವಿಡೀ ಬ್ಯಾಂಕೊಂದರ ಸಾಫ್ಟ್‌ವೇರ್ ನೋಡಿಕೊಳ್ಳುವವಳು ನಾನು. ಶನಿವಾರ ಬಂತೆಂದರೆ ಅರವತ್ತು ಎಪ್ಪತ್ತು ವರ್ಷ ಹಿಂದಿನ ಭೂನಕ್ಷೆಯೊಂದನ್ನು ಮುದ್ರಿಸಿಕೊಂಡು, ಅದರಲ್ಲಿರುವ ದಡ ಈಗ ಎಲ್ಲಿದೆ ಎಂದು ಹುಡುಕುತ್ತ ಹೊರಡುತ್ತೇನೆ. ಮಲೇಷ್ಯಾದ ಪಕ್ಕದ ಈ ದ್ವೀಪದಲ್ಲಿ ದಡಕ್ಕೆ ಮಣ್ಣು ತುಂಬಿಸುತ್ತಲೇ ಇರುತ್ತಾರೆ, ಹಾಗಾಗಿ ಈ ಊರಿನಲ್ಲಿ ಸಮುದ್ರದಷ್ಟು ಹಿಂದೆ ಸರಿದವರು ಯಾರೂ ಇಲ್ಲ. ನಕ್ಷೆಯಲ್ಲಿ ಮೀನುಗಾರರ ಹಳ್ಳಿ ಇರುವಲ್ಲಿ ಈಗ ಮಾಲ್ ಇರುತ್ತದೆ, ಅಲೆಗಳಿದ್ದಲ್ಲಿ ಮಕ್ಕಳು ಫುಟ್‌ಬಾಲ್ ಆಡುತ್ತಿರುತ್ತಾರೆ. ಇಂಥ ಓಡಾಟ ಮೂವತ್ತಾದರೂ ಮಾಡಿದ್ದೇನೆ. ಒಂದು ಸಲವೂ ದಾರಿ ತಪ್ಪಿಲ್ಲ, ಯಾರನ್ನೂ ದಾರಿ ಕೇಳಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ.

ಆದರೆ ಈ ಸಲದ ಪ್ರಯಾಣ ನನ್ನ ಹುಚ್ಚಿಗಾಗಿ ಆಗಿರಲಿಲ್ಲ. ಯಿಶುನ್‌ನಲ್ಲಿರುವ ಸುಲೋಚನಾ ಆಂಟಿಗಾಗಿ. ನಮ್ಮ ಕನ್ನಡದವರ ಒಂದು ಊಟದ ಕೂಟದಲ್ಲಿ ನಾನು ನಕ್ಷೆಗಳನ್ನು ಹರಡಿಕೊಂಡು ಜಂಬ ಕೊಚ್ಚುತ್ತಿದ್ದಾಗ ಅವರು ಪಕ್ಕಕ್ಕೆ ಬಂದು ಕೂತು, “ನಮ್ಮ ದಕ್ಕೆ ಇದರಲ್ಲಿ ಸಿಗುತ್ತಾ ನೋಡಮ್ಮ” ಎಂದಿದ್ದರು. ದಕ್ಕೆ ಎಂದರೆ ದೋಣಿ ಕಟ್ಟಲು ನೀರಿನೊಳಕ್ಕೆ ಚಾಚಿದ ಮರದ ಹಲಗೆಯ ಕಟ್ಟೆ. ಕುಂದಾಪುರದ ಕಡೆಯವರಾದ ಅವರ ಮಾತೆಲ್ಲ ಬೆಂಗಳೂರಿನದಾದರೂ ಈ ಒಂದು ಪದ ಮಾತ್ರ ಊರಿನದೇ ಉಳಿದಿತ್ತು.

ಆಂಟಿಗೆ ಈಗ ಎಪ್ಪತ್ತಾರು. ಅವರ ತಂದೆ ಸೆಲೆಟಾರ್ ವಿಮಾನ ನೆಲೆಯ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಸಂಸಾರ ಇದ್ದದ್ದು ಸೆಲೆಟಾರ್ ನದಿ ಸಮುದ್ರ ಸೇರುವಲ್ಲಿನ ಒಂದು ಹಳ್ಳಿಯಲ್ಲಿ. ಆಂಟಿಗೆ ಒಂಬತ್ತು ವರ್ಷವಾಗಿದ್ದಾಗ ಅವರ ತಾಯಿ ಜ್ವರದಿಂದ ತೀರಿಕೊಂಡರು. ತಂದೆ ಆ ಹಳ್ಳಿಯ ದಕ್ಕೆಯ ತುದಿಯಲ್ಲಿ ನಿಂತು ಅಸ್ಥಿ ಬಿಟ್ಟರು. ಆಮೇಲೆ ಅಣ್ಣ ತಂಗಿ ಇಬ್ಬರನ್ನೂ ಹಡಗು ಹತ್ತಿಸಿ ಕುಂದಾಪುರದ ಅಜ್ಜಿಯ ಮನೆಗೆ ಕಳಿಸಿದರು. ಮೂವತ್ತೈದು ದಾಟಿದ ಮೇಲೆ ಗಂಡನ ಕೆಲಸದಿಂದಾಗಿ ಆಂಟಿ ಮತ್ತೆ ಇಲ್ಲಿಗೆ ಬಂದರು. ಅಷ್ಟರಲ್ಲಿ ಹಳ್ಳಿ ಇರಲಿಲ್ಲ, ನದಿಗೆ ಕಟ್ಟೆ ಬಿದ್ದಿತ್ತು. ತಂದೆಯ ನಂತರ ಜಾಗ ಗೊತ್ತಿದ್ದವರು, ಆಗ ಸ್ವಲ್ಪ ದೊಡ್ಡವರಾಗಿದ್ದ ಅಣ್ಣ ಒಬ್ಬರೇ. ಊರಿನಿಂದ ಬಂದಾಗ ತೋರಿಸುತ್ತೇನೆ ಎನ್ನುತ್ತಲೇ ಇದ್ದವರು ಕಳೆದ ವರ್ಷ ಹೋಗಿಬಿಟ್ಟರು. ಈಗ ಆಂಟಿಗೆ ಬುಧವಾರ ಮಂಡಿಯ ಆಪರೇಷನ್. ಅದಕ್ಕೆ ಮುಂಚೆ ಅಮ್ಮನನ್ನು ಬಿಟ್ಟ ಜಾಗದಲ್ಲಿ ಒಮ್ಮೆ ನಿಲ್ಲಬೇಕು, ಅಷ್ಟೇ ಅವರ ಆಸೆ. ನಾನು ನಿಲ್ಲಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಎಂಟೂವರೆಗೆ ಅವರ ಬ್ಲಾಕಿನ ಕೆಳಗೆ ಗೋಡೆಯಿಲ್ಲದೆ ತೆರೆದಿರುವ ವಾಯ್ಡ್ ಡೆಕ್‌ನಲ್ಲಿ ಆಂಟಿ ಆಗಲೇ ಕಾಯುತ್ತ ಕೂತಿದ್ದರು. ಹಸಿರು ಕಾಟನ್ ಸೀರೆ, ಕಾಲಿಗೆ ಸ್ಪೋರ್ಟ್ಸ್ ಶೂ, ಕೈಯಲ್ಲಿ ಊರುಗೋಲು. ಬುಟ್ಟಿಯಲ್ಲಿ ಗೋಳಿಬಜೆಯ ಡಬ್ಬಿ, ಕುಂಕುಮದ ಭರಣಿ, ಬಾಳೆ ಎಲೆಯಲ್ಲಿ ಸುತ್ತಿದ ಒಂದು ಮೊಳ ಮಲ್ಲಿಗೆ. ಹಿಂದಿನ ಸಂಜೆ ಲಿಟಲ್ ಇಂಡಿಯಾಕ್ಕೆ ತಾವೇ ಹೋಗಿ ತಂದಿದ್ದರಂತೆ.

“ಈ ಕಾಲಲ್ಲಿ ಅಷ್ಟು ದೂರ ಯಾಕೆ ಹೋದ್ರಿ ಆಂಟಿ? ನಂಗೆ ಮೆಸೇಜ್ ಮಾಡಿದ್ರೆ ತರ್ತಿರಲಿಲ್ವಾ?” ಎಂದೆ.

“ಅಮ್ಮ ಮುತ್ತೈದೆಯಾಗಿ ಹೋದವಳು ಕಣೆ. ಅವಳ ಹೂವು ನಾನೇ ಚೂಸ್ ಮಾಡ್ಬೇಕಿತ್ತು.”

ಹಾಕರ್ ಸೆಂಟರ್‌ನಲ್ಲಿ ಟೋಸ್ಟು, ಕಾಫಿ ಮುಗಿಸಿ ಬಸ್ ಹಿಡಿದೆವು. ಬಸ್ಸಿನಲ್ಲಿ ನಕ್ಷೆ ಬಿಡಿಸಿ ಆಂಟಿಗೆ ಎಲ್ಲವನ್ನೂ ವಿವರಿಸಿದೆ. ಹಳೆಯ ಹೆದ್ದಾರಿಯ ಒಂದು ಕೂಡುರಸ್ತೆ ಅಂದೂ ಇಂದೂ ಒಂದೇ ಜಾಗದಲ್ಲಿದೆ. ಅಲ್ಲಿಂದ ನಕ್ಷೆಯ ಚೌಕಗಳನ್ನು ಎಣಿಸುತ್ತ ನೇರ ಪೂರ್ವಕ್ಕೆ ಹೋದರೆ ನದಿಯ ಬಾಯಿ. ದಡದಲ್ಲಿ ತೆಂಗಿನ ತೋಟದ ಗುರುತು, ನಾಲ್ಕಾರು ಮನೆಗಳ ಕಪ್ಪು ಚುಕ್ಕೆ, ಅಲ್ಲಿಂದ ನೀರಿನೊಳಕ್ಕೆ ಕೂದಲೆಳೆಯಷ್ಟು ಸಣ್ಣ ಗೆರೆ. ಅದೇ ದಕ್ಕೆ. ಆ ದಡದಲ್ಲಿ ಬೇರೆ ದಕ್ಕೆಯೇ ಇಲ್ಲ. ಆಂಟಿ ಆ ಗೆರೆಯ ಮೇಲೆ ಇಟ್ಟ ಬೆರಳನ್ನು ಬಸ್ ಇಳಿಯುವವರೆಗೂ ತೆಗೆಯಲಿಲ್ಲ.

ನಕ್ಷೆಯನ್ನು ಪ್ಲಾಸ್ಟಿಕ್ಕಿನಲ್ಲಿ ಲ್ಯಾಮಿನೇಟ್ ಮಾಡಿಸಿದ್ದೆ. ಹಾಳೆ ದೊಡ್ಡದಾಗಿ ಯಂತ್ರದಲ್ಲಿ ಹಿಡಿಯಲಿಲ್ಲವೆಂದು ಸುತ್ತಲಿನ ಅಂಚನ್ನು ಕತ್ತರಿಸಿ ತೆಗೆದಿದ್ದೆ. ಅಂಚಿನಲ್ಲಿ ಇರುವುದು ಮುದ್ರಕರ ವಿವರ, ಚಿಹ್ನೆಗಳ ಪಟ್ಟಿ, ಸಣ್ಣಕ್ಷರದ ಟಿಪ್ಪಣಿಗಳು. ಅವೆಲ್ಲ ನನಗೆ ಬಾಯಿಪಾಠ ಎಂದುಕೊಂಡಿದ್ದೆ.

ಒಂಬತ್ತೂವರೆಗೆ ಡ್ಯಾಮ್ ಬಳಿ ಇಳಿದೆವು. ಇದು ಎತ್ತರದ ಅಣೆಕಟ್ಟಲ್ಲ. ನದಿಯ ಬಾಯಿಗೆ ಅಡ್ಡಲಾಗಿ ಹಾಕಿದ ಉದ್ದನೆಯ ಏರಿ, ಮೇಲೆ ವಾಹನಗಳ ರಸ್ತೆ. ಬಲಕ್ಕೆ ಕುಡಿಯುವ ನೀರಿನ ಜಲಾಶಯ, ಎಡಕ್ಕೆ ಸಮುದ್ರ, ಆಚೆ ಮಲೇಷ್ಯಾದ ದಡ. ದೂರದಲ್ಲಿ ಸೆಲೆಟಾರ್‌ನಿಂದ ಸಣ್ಣ ವಿಮಾನವೊಂದು ಏರಿತು. ಉಬ್ಬರದ ಹೊತ್ತು ನೋಡಿಕೊಂಡೇ ಹೊರಟಿದ್ದರಿಂದ ನೀರು ಕಲ್ಲುಗಳ ಅರ್ಧಕ್ಕೆ ಏರಿತ್ತು. ನಾನು ಮುಂದೆ, ಆಂಟಿ ಅನ್ವಿಯ ತೋಳು ಹಿಡಿದು ಹಿಂದೆ, ಏರಿಯ ಮೇಲೆ ನಡೆದೆವು. ಫೋನಿನಲ್ಲಿ ಗುರುತು ಮಾಡಿಕೊಂಡ ಬಿಂದು ಏರಿಯ ನಡುಮಧ್ಯಕ್ಕೆ ಬರುತ್ತಿತ್ತು.

ಅಲ್ಲಿ ಮಲಯ ಮುದುಕರೊಬ್ಬರು ಗಾಳ ಹಾಕಿ ಕೂತಿದ್ದರು. ನಮ್ಮ ನಕ್ಷೆ ನೋಡಿ ತಾವಾಗಿಯೇ ಕೇಳಿದರು, ಏನು ಹುಡುಕುತ್ತಿದ್ದೀರೆಂದು. ಹಳೆಯ ಜೆಟ್ಟಿ ಎಂದೆ.

“ಹಿಯರ್ ಓನ್ಲಿ ವಾಟರ್ ಲಾಹ್, ಸಿಸ್ಟರ್. ಲಾಸ್ಟ್ ಟೈಮ್ ದಟ್ ಸೈಡ್ ಗಾಟ್ ಬೋಟ್ಸ್” ಎಂದು ಇಲ್ಲಿನ ಇಂಗ್ಲಿಷಿನಲ್ಲಿ ಹೇಳಿ, ಹಿಂದೆ ದೋಣಿಗಳಿದ್ದದ್ದು ಆ ಕಡೆ ಎನ್ನುವಂತೆ ನಾವು ಬಂದ ದಿಕ್ಕಿಗೆ ಗಲ್ಲ ಎತ್ತಿ ತೋರಿಸಿದರು.

ನಾನು ನಕ್ಕು ಥ್ಯಾಂಕ್ಸ್ ಹೇಳಿ ಮುಂದೆ ಹೋದೆ. ಆಂಟಿ ಮಾತ್ರ ಹಿಂದೆ ತಿರುಗಿ ನೋಡಿದರು. “ನದಿ ಮಧ್ಯದಲ್ಲಿ ದಕ್ಕೆ ಹೇಗಿರುತ್ತಮ್ಮ?”

“ಆಗ ದಡ ಇಲ್ಲಿವರೆಗೂ ಇತ್ತು ಆಂಟಿ. ಡ್ಯಾಮ್ ಕಟ್ಟೋವಾಗ ಎಲ್ಲ ಅಗೆದು ಚೇಂಜ್ ಮಾಡಿರ್ತಾರೆ. ನೆಲ ಬದಲಾಗುತ್ತೆ, ನಕ್ಷೆ ಬದಲಾಗಲ್ಲ.”

ಎಷ್ಟು ಚೆನ್ನಾಗಿ ಹೇಳಿದೆ ಎಂದು ನನಗೇ ಮೆಚ್ಚುಗೆಯಾಯಿತು. ಆಂಟಿ ಒಪ್ಪಿದರು. ಕಂಬಿಯ ಪಕ್ಕ ನಿಂತು ದೂರದ ಪುಟ್ಟ ದ್ವೀಪವನ್ನು ನೋಡಿದರು. ಅಂದು ತಂದೆ ಅವರನ್ನು ಹೆಗಲ ಮೇಲೆ ಕೂರಿಸಿಕೊಂಡು, ಅಮ್ಮ ಆ ದ್ವೀಪದ ಕಡೆಗೆ ಹೋಗುತ್ತಾಳೆ ಎಂದಿದ್ದರಂತೆ. “ದ್ವೀಪದ ಎರಡೂ ಕಡೆ ನೀರಿತ್ತು. ಇಲ್ಲಿಂದ ಆಚೆ ದಡಕ್ಕೆ ಅಂಟಿಕೊಂಡ ಹಾಗೆ ಕಾಣ್ತಿದೆ. ಚಿಕ್ಕವಳಿದ್ದೆ, ಸರಿಯಾಗಿ ನೆನಪಿಲ್ಲವೋ ಏನೋ” ಎಂದು ತಮ್ಮನ್ನೇ ಅನುಮಾನಿಸಿಕೊಂಡು ಬಾಳೆ ಎಲೆ ಬಿಚ್ಚಿದರು. ಕುಂಕುಮದ ಭರಣಿಯ ಮುಚ್ಚಳ ತೆಗೆದರು.

ಆ ಹೊತ್ತಿಗೆ ನನ್ನ ಬಾಯಿ ಸುಮ್ಮನಿರಬಹುದಿತ್ತು. ಇರಲಿಲ್ಲ. ಮಗಳಿಗೆ ಪಾಠ ಶುರುಮಾಡಿದೆ. “ನೋಡು ಅನ್ವಿ, ಎಷ್ಟು ಸಿಂಪಲ್. ಕೂಡುರಸ್ತೆಯಿಂದ ನಾಲ್ಕೂವರೆ ಚೌಕ. ಒಂದು ಚೌಕ ಒಂದು ಕಿಲೋಮೀಟರ್. ನಾಲ್ಕೂವರೆ ಕಿಲೋಮೀಟರ್ ಅಂದ್ರೆ ಕರೆಕ್ಟಾಗಿ ಇಲ್ಲಿಗೆ ಬರುತ್ತೆ.”

ಆಂಟಿಯ ಕೈ ನಿಂತಿತು. “ಕಿಲೋಮೀಟರಾ?”

“ಹೌದು ಆಂಟಿ.”

“ಅಪ್ಪನ ಟೇಬಲ್ ಮೇಲೆ ಇಂಥದೇ ಶೀಟ್ ಇರ್ತಿತ್ತು. ನಂಗೆ ಸಾವಿರದ ಮಗ್ಗಿ ಕಲಿಸಿದ್ದೇ ಈ ಚೌಕ ಎಣಿಸಿ. ಒಂದು ಚೌಕ ಸಾವಿರ ಗಜ, ಎರಡು ಚೌಕ ಎರಡು ಸಾವಿರ ಗಜ ಅಂತ. ಆಗ ಇಲ್ಲಿ ಎಲ್ಲಿತ್ತಮ್ಮ ಕಿಲೋಮೀಟರ್?”

ನಕ್ಷೆಯ ಚೌಕಗಳನ್ನು ಮತ್ತೆ ನೋಡಿದೆ. ಮೈಸೂರಿನ ನಮ್ಮ ಶಾಲೆಯಲ್ಲಿ ಭೂಗೋಳದ ಮೇಷ್ಟ್ರು ನಕ್ಷೆ ಕೊಟ್ಟು ಒಂದು ಚೌಕ ಒಂದು ಕಿಲೋಮೀಟರ್ ಎಂದು ಕಲಿಸಿದ್ದರು. ಅಲ್ಲಿನ ನಕ್ಷೆಗೆ ಅದು ಸರಿ. ಇಲ್ಲಿನ ಹಳೆಯ ನಕ್ಷೆ ಏನು ಹೇಳುತ್ತದೆಂದು ನೋಡಲು ಅಂಚು ಬೇಕು. ಅಂಚು ಬೂನ್ ಲೇಯಲ್ಲಿ ನಮ್ಮ ಮನೆಯ ಕಸದ ಬುಟ್ಟಿಯಲ್ಲಿತ್ತು.

ಅನ್ವಿ ಫೋನಿನಲ್ಲಿ ನಕ್ಷೆಯ ಮೂಲ ಫೈಲ್ ತೆರೆದಳು. ಎರಡು ಬೆರಳಲ್ಲಿ ಎಳೆದು ದೊಡ್ಡದು ಮಾಡಿ ನನ್ನ ಮುಖದ ಮುಂದೆ ಹಿಡಿದಳು. ಅಡಿಯ ಅಂಚಿನಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಬರೆದಿತ್ತು, ಚೌಕಗಳು ಸಾವಿರ ಗಜದವೆಂದು. “ಅಮ್ಮಾ, ಇಟ್ಸ್ ಯಾರ್ಡ್ಸ್ ಲಾಹ್. ಓದದೇ ಕಟ್ ಮಾಡಿಬಿಟ್ಯಾ?”

ಸಾವಿರ ಗಜವೆಂದರೆ ಒಂಬೈನೂರ ಹದಿನಾಲ್ಕು ಮೀಟರ್. ನಾಲ್ಕೂವರೆ ಚೌಕಕ್ಕೆ ನಾನು ಸುಮಾರು ನಾನ್ನೂರು ಮೀಟರ್ ಹೆಚ್ಚು ನಡೆಸಿದ್ದೆ. ಅದೂ ಬುಧವಾರ ಮಂಡಿ ಕೊಯ್ಯಿಸಿಕೊಳ್ಳಲಿರುವವರನ್ನು. ಇನ್ನೊಂದು ನಿಮಿಷ ತಡವಾಗಿದ್ದರೆ ಆಂಟಿ ತಾಯಿಯ ಹೂವನ್ನು ತಾಯಿ ಇಲ್ಲದ ಜಾಗಕ್ಕೆ ಕೊಟ್ಟು ಮನೆಗೆ ಹೋಗುತ್ತಿದ್ದರು. ನಾನು ಇನ್ನೊಂದು ಓಡಾಟ ಯಶಸ್ವಿ ಎಂದು ಬರೆದುಕೊಳ್ಳುತ್ತಿದ್ದೆ. ನಿಜಕ್ಕೂ ಅಳು ಬಂತು.

“ತಪ್ಪಾಯ್ತು ಆಂಟಿ. ಟ್ಯಾಕ್ಸಿ ಬುಕ್ ಮಾಡ್ತೀನಿ, ವಾಪಸ್ ಹೋಗೋಣ.”

“ನಾನ್ನೂರು ಮೀಟರ್‌ಗೆ ಟ್ಯಾಕ್ಸಿನಾ? ಅರವತ್ತೇಳು ವರ್ಷ ಕಾದಿದ್ದೀನಿ, ಇನ್ನಷ್ಟು ನಡೀತೀನಿ ಬಾ” ಎಂದು ಹೂವನ್ನು ಮತ್ತೆ ಎಲೆಯಲ್ಲಿ ಸುತ್ತಿಕೊಂಡರು. ಹಾಗೆ ಹೇಳುವಾಗ ಅವರ ಮುಖದಲ್ಲಿ ಕೋಪವಿರಲಿಲ್ಲ. ತಂದೆ ಕಲಿಸಿದ ಲೆಕ್ಕ ಇಷ್ಟು ವರ್ಷದ ಮೇಲೆ ಕೆಲಸಕ್ಕೆ ಬಂತೆಂಬ ಖುಷಿಯೇ ಕಂಡಿತು.

ಆ ದೂರಕ್ಕೆ ಇಪ್ಪತ್ತೈದು ನಿಮಿಷ ಹಿಡಿಯಿತು. ಬಿಸಿಲು ಏರಿತ್ತು, ಏರಿಯ ಮೇಲೆ ನೆರಳೆಂಬುದಿಲ್ಲ. ಗಾಳದ ಮುದುಕರ ಮುಂದೆ ಹಾದು ಹೋಗುವಾಗ ನಾನು ನಿಂತೆ. ಜೀವನದಲ್ಲಿ ಮೊದಲ ಸಲ ದಾರಿ ಕೇಳಿದೆ. ಅವರು ಹಲ್ಲಿಲ್ಲದ ಬಾಯಲ್ಲಿ ನಕ್ಕು, ಏರಿ ಮುಗಿದು ದಡ ಶುರುವಾಗುವಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಒಂದು ಗುಂಪು ಇದೆ, ಅದರ ಪಕ್ಕ ಎಂದು ಹೇಳಿದರು. ನಾನು ಹೊಸದಾಗಿ ಲೆಕ್ಕ ಹಾಕಿದ ಬಿಂದುವೂ ಅಲ್ಲಿಗೇ ಬರುತ್ತಿತ್ತು.

ಅಲ್ಲಿ ದಕ್ಕೆಯ ಒಂದು ಕಂಬವೂ ಉಳಿದಿರಲಿಲ್ಲ. ಕಲ್ಲು ಪೇರಿಸಿದ ಇಳಿಜಾರು, ಕೆಸರಿನಲ್ಲಿ ಬೇರೂರಿದ ಗಿಡಗಳು, ಹಾರಿಹೋದ ಒಂದು ಬಿಳಿ ಕೊಕ್ಕರೆ. ಆದರೆ ಆಂಟಿ ಕೆಳಗೆ ನೋಡುತ್ತಿರಲಿಲ್ಲ. ತಲೆ ಎತ್ತಿ ದ್ವೀಪದ ಕಡೆ ನೋಡುತ್ತಿದ್ದರು. ಇಲ್ಲಿಂದ ಅದು ಆಚೆಯ ದಡದಿಂದ ಬಿಡಿಸಿಕೊಂಡು ಒಂಟಿಯಾಗಿ ನಿಂತಿತ್ತು. ಎಡಕ್ಕೂ ನೀರು, ಬಲಕ್ಕೂ ನೀರು.

“ಇದೇ” ಎಂದರು. “ಅಪ್ಪನ ಹೆಗಲ ಮೇಲಿಂದ ಕಂಡದ್ದು ಇದೇ.”

ಇಳಿಯಬೇಡಿ ಎಂದು ನಾವಿಬ್ಬರೂ ಹೇಳಿದೆವು. ಕೇಳಲಿಲ್ಲ. ಊರುಗೋಲನ್ನು ನನಗೆ ಕೊಟ್ಟು, ಕಲ್ಲಿನ ಮೇಲೆ ಕೂತು, ಕೂತಲ್ಲಿಂದಲೇ ಒಂದೊಂದಾಗಿ ಮೂರು ಕಲ್ಲು ಜಾರಿದರು. ಉಬ್ಬರದ ನೀರು ಅವರ ಶೂ ಮುಟ್ಟಿತು. ಹೂವಿಗೆ ಕುಂಕುಮ ಹಚ್ಚಿ ಎರಡೂ ಕೈಯಲ್ಲಿ ನೀರಿನಲ್ಲಿ ಹಿಡಿದರು.

“ಅಮ್ಮಾ, ಸುಲ್ಲಿ ಬಂದಿದ್ದೀನಿ. ಅಣ್ಣ ಬರಲಿಲ್ಲ, ಅವನು ನಿನ್ನ ಹತ್ರಾನೇ ಇದ್ದಾನೆ. ತಡ ಆಯ್ತು.”

ಅನ್ವಿ ಮುಖ ಆಚೆ ತಿರುಗಿಸಿಕೊಂಡಳು. ನಾನಂತೂ ಮುಚ್ಚಿಟ್ಟುಕೊಳ್ಳದೆ ಅತ್ತುಬಿಟ್ಟೆ.

ಹೂವನ್ನು ನೀರಿಗೆ ಬಿಡುತ್ತಾರೆ ಎಂದುಕೊಂಡಿದ್ದೆ. ಬಿಡಲಿಲ್ಲ. ಕಸ ಹಾಕಿದರೆ ದಂಡ ಬೀಳುವ ಈ ಊರಿನಲ್ಲಿ ನಲವತ್ತು ವರ್ಷ ಇದ್ದವರು, ಸಮುದ್ರಕ್ಕೆ ಏನನ್ನಾದರೂ ಎಸೆಯುವ ಕೈ ಅವರದಲ್ಲ. ಒದ್ದೆ ಮಾಲೆಯನ್ನು ಮೇಲೆ ತಂದು ಮೂರು ತುಂಡು ಮಾಡಿ, ಅನ್ವಿಗೊಂದು, ನನಗೊಂದು ಮುಡಿಸಿ, ತಾವೂ ಒಂದನ್ನು ಮುಡಿದುಕೊಂಡರು. ಉಪ್ಪುನೀರು ಕತ್ತಿನ ಹಿಂದೆ ಇಳಿಯಿತು. ಆಮೇಲೆ ಬಸ್ ಸ್ಟಾಪಿನ ನೆರಳಲ್ಲಿ ಕೂತು ಗೋಳಿಬಜೆ ತಿಂದೆವು. ತಣ್ಣಗಾಗಿದ್ದರೂ ಒಂದೂ ಉಳಿಯಲಿಲ್ಲ. ಎರಡನ್ನು ಗಾಳದ ಮುದುಕರಿಗೆ ಅನ್ವಿ ಓಡಿಹೋಗಿ ಕೊಟ್ಟು ಬಂದಳು.

ಬಸ್ ಬರುವ ಮುಂಚೆ ಆಂಟಿ ನಕ್ಷೆ ಕೇಳಿದರು. ಆ ಕೂದಲೆಳೆಯ ಗೆರೆ ಹುಡುಕಿ, ಕುಂಕುಮದ ಭರಣಿಗೆ ಬೆರಳು ಅದ್ದಿ, ಅದರ ತುದಿಗೆ ಒಂದು ಬೊಟ್ಟು ಇಟ್ಟರು. “ಪ್ಲಾಸ್ಟಿಕ್ ಅಲ್ವಾ, ಒರೆಸಿದರೆ ಹೋಗುತ್ತೆ. ನೀನು ಇನ್ನೂ ಯೂಸ್ ಮಾಡ್ಬೇಕಲ್ಲ” ಎಂದು ಸಂಕೋಚದಿಂದ ಹೇಳಿದರು.

ಮಧ್ಯಾಹ್ನ ಒಂದು ಗಂಟೆಗೆ ಅವರನ್ನು ಮನೆ ಮುಟ್ಟಿಸಿ ರೈಲು ಹತ್ತಿದೆವು. ಜಾಗವಿದ್ದರೂ ನಾನು ಕೂರಲಿಲ್ಲ, ಕೂತರೆ ನಕ್ಷೆ ಮಡಿಲಿಗೆ ತಾಗುತ್ತಿತ್ತು. ಮನೆಗೆ ಹೋಗಿ ಕಸದ ಬುಟ್ಟಿಯಿಂದ ಅಂಚಿನ ಚೂರುಗಳನ್ನು ಹೆಕ್ಕಿ ಅಂಟಿಸಬೇಕೆಂದು ಆಗಲೇ ತೀರ್ಮಾನಿಸಿದ್ದೆ. ಅನ್ವಿ ಸುರುಳಿ ಸುತ್ತಿ ಕೊಡಲೇ ಎಂದು ಕೇಳಿದಳು. ಬೇಡ ಎಂದೆ. ಬೂನ್ ಲೇ ಬರುವವರೆಗೂ ಅದನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದುಕೊಂಡೇ ನಿಂತಿದ್ದೆ.