ಬಿರುಕಿನ ಫೋಟೋದ ಗಂಗರತ್ನಮ್ಮ

ಬಂಗಾರಪೇಟೆಯ ಸ್ಟುಡಿಯೋದಲ್ಲಿ ಗೋಪಾಲ ಮದುಮಕ್ಕಳ ಫೋಟೋ ತೆಗೆದರೆ, ಅವನ ಹೆಂಡತಿ ಗಂಗರತ್ನಮ್ಮ ಬಿರುಕುಗಳ ಫೋಟೋ ತೆಗೆಯುತ್ತಿದ್ದಳು. ನಗಬೇಡಿ. ಕೆಜಿಎಫ್‌ನ ಗಣಿಯಾಳದಲ್ಲಿ ಬಂಡೆ ಸಿಡಿದು ನೆಲ ನಡುಗಿದರೆ ಗುಡಿ, ಚರ್ಚು, ಮಸೀದಿ ಎನ್ನದೆ ಗೋಡೆಗಳು ಸೀಳುತ್ತಿದ್ದವು. ಇವಳು ಬಸ್ಸು ಹತ್ತಿ ಹೋಗಿ, ಬಿರುಕಿನ ಪಕ್ಕ ಅಳತೆಗೆಂದು ಒಂದು ಬೆಂಕಿಪೊಟ್ಟಣ ಅಂಟಿಸಿ ಫೋಟೋ ಹೊಡೆಯುವಳು. ಮರುವರ್ಷ ಮತ್ತೆ ಅದೇ ಜಾಗ, ಅದೇ ಪೊಟ್ಟಣ. ಎರಡೂ ಫೋಟೋ ಪಕ್ಕಪಕ್ಕ ಇಟ್ಟರೆ ಗೋಡೆಯ ಬಂಡವಾಳ ಬಯಲು. ಅಲ್ಲಿನ ಕೋರಮಂಡಲ್ ಗಣಿಯ ಚರ್ಚಿನ ಪಾದ್ರಿಯೂ ಮಸೀದಿಯ ಮುತವಲ್ಲಿಯೂ ಎದುರಾಡದೆ ಮೇಸ್ತ್ರಿಯನ್ನು ಕರೆಸುತ್ತಿದ್ದರು. ಇಂಜಿನಿಯರಿಂಗ್ ಓದಿದವರಿಗೂ ಇಲ್ಲದ ಕಣ್ಣು ಆ ಹೆಂಗಸಿಗಿತ್ತು, ಸುಳ್ಳಲ್ಲ.

ಎಂಬತ್ತಮೂರರ ಮಾಘದಲ್ಲಿ ಕೆಜಿಎಫ್‌ನದೇ ಮೈಸೂರು ಮೈನ್ಸ್ ಗಣಿಯ ಬಳಿಯ ವೆಂಕಟರಮಣನ ಗುಡಿಯ ಹೊರಗೋಡೆಗೆ ಅವಳು ಹಿಂದಿನ ವರ್ಷದ ಫೋಟೋ ಹಿಡಿದು ನೋಡಿದಳು. ಬಿರುಕು ಗರ್ಭಗುಡಿಯತ್ತ ತಿರುಗಿತ್ತು. ಆ ಗರ್ಭಗುಡಿಯ ಬಾಗಿಲ ಮುಂದೆಯೇ, ಕಲ್ಲುಚಪ್ಪಡಿಯ ಸೂರಿನಡಿ, ಇನ್ನೈದು ದಿನಕ್ಕೆ ಧರ್ಮದರ್ಶಿ ಅಶ್ವತ್ಥಪ್ಪನ ಮಗಳ ಮದುವೆ. ಬಿರುಕು ಒಳಗೆಲ್ಲಿವರೆಗೆ ಹೋಗಿದೆಯೋ, ಪೂಜಾರಿ ಬಚ್ಚಪ್ಪನ ಎಣ್ಣೆದೀಪಕ್ಕೆ ಕಾಣುವುದೆಲ್ಲ ಬರೀ ಮಸಿ. ಕ್ಯಾಮರಾ ಒಳಗೆ ಒಯ್ಯುತ್ತೇನೆಂದರೆ ಅಶ್ವತ್ಥಪ್ಪ ಕೆಂಡವಾದ. ಮೂಲದೇವರ ಫೋಟೋ ತೆಗೆಯುವುದುಂಟೇ? ಅದು ತಪ್ಪೆಂದು ಗಂಗರತ್ನಮ್ಮನಿಗೂ ಗೊತ್ತು. ಹಾಗಂತ ಸುಮ್ಮನಿದ್ದರೆ ಹಸೆಮಣೆಯ ಮೇಲೆ ಕೂರುವ ಹುಡುಗಿಯ ಗತಿ?

ಕೊನೆಗೆ ಪೂಜಾರಿಯ ಕೈಗೇ ಕ್ಯಾಮರಾ ಕೊಟ್ಟು, ಫ್ಲಾಶು, ಗುಂಡಿ ಎಲ್ಲ ತೋರಿಸಿಕೊಟ್ಟಳು.

"ಸ್ವಾಮೀನ ಬಿಟ್ಬುಟ್ಟು ಗೋಡೆ, ಸೂರು ಮಾತ್ರ ತೆಗಿ ಬಚ್ಚಣ್ಣ."

ಬಚ್ಚಪ್ಪನೋ, ಪುಣ್ಯಾತ್ಮ! ಸ್ವಾಮಿಯನ್ನು ಬಿಟ್ಟು ಬರೀ ಗೋಡೆ ತೆಗೆಯಲು ಮನಸ್ಸೊಪ್ಪದೆ, ಸ್ವಾಮಿಯನ್ನೇ ನಟ್ಟನಡುವೆ ಇಟ್ಟು ಹೊಡೆದಿದ್ದ. ಸ್ಟುಡಿಯೋದ ಕತ್ತಲೆಕೋಣೆಯಲ್ಲಿ ನೆಗೆಟಿವ್ ನೋಡಿದ ಗಂಗರತ್ನಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. ತೋರಿಸಿದರೆ ಅಪಚಾರ, ತೋರಿಸದಿದ್ದರೆ ಒಂದು ಹೆಣ್ಣಿನ ಜೀವ. ಪ್ರಿಂಟ್ ಹಾಕುವಾಗ ಕಾಗದದಲ್ಲಿ ದೇವರು ಮೂಡಬೇಕಾದ ಕಡೆ ಬೀಳುವ ಬೆಳಕಿಗೆ ಅಂಗೈ ಅಡ್ಡ ಹಿಡಿದಳು. ಕಾಗದದಲ್ಲಿ ಗೋಡೆ ಮೂಡಿತು. ಗೋಡೆ ಹತ್ತಿ, ಸೂರಿನುದ್ದಕ್ಕೂ ಬಾಗಿಲ ಕಡೆಗೇ ಬರುತ್ತಿದ್ದ ಬಿರುಕು ಮೂಡಿತು. ದೇವರಿದ್ದ ಕಡೆ ಮಾತ್ರ ಬರೀ ಬಿಳುಪು.

ಅಶ್ವತ್ಥಪ್ಪ ಬೈಯಲೆಂದೇ ಫೋಟೋ ಕೈಗೆ ತಗೊಂಡ. ನೋಡುತ್ತ ನೋಡುತ್ತ ಬಿರುಕಿನುದ್ದಕ್ಕೂ ಬೆರಳಾಡಿಸಿದ. ಆ ಬಿಳುಪನ್ನು ಕಣ್ಣಿಗೊತ್ತಿಕೊಂಡು, ಮದುವೆಯನ್ನು ಗುಡಿಯೆದುರಿನ ತನ್ನ ಮನೆಯ ಚಪ್ಪರಕ್ಕೆ ಬದಲಿಸಿ, ಮೇಸ್ತ್ರಿಗೆ ಹೇಳಿಕಳಿಸಿದ.

ಮದುವೆಯ ಹಿಂದಿನ ದಿನ ಮೇಸ್ತ್ರಿ ಪಕ್ಕಕ್ಕೆ ನಿಂತು ಬಾಗಿಲ ಮುಂದಿನ ಸೂರಿನ ಚಪ್ಪಡಿಗೆ ಹಾರೆ ತಾಗಿಸಿದ, ಅಷ್ಟೇ. ಆಳುದ್ದದ ಕಲ್ಲು ಧೊಪ್ಪನೆ ನೆಲಕ್ಕೆ ಬಂತು. ಧೂಳು ಇಳಿದ ಮೇಲೂ ಅಶ್ವತ್ಥಪ್ಪ ಅಲ್ಲಿಂದ ಕಣ್ಣು ಕೀಳಲಿಲ್ಲ.

"ನಾಳೆ ನನ್ ಮಗ್ಳು ಕೂತ್ಕೊಳ್ಳೋ ಜಾಗ ಕಣಮ್ಮ ಅದು" ಎಂದು ಪಕ್ಕದಲ್ಲಿದ್ದ ಗಂಗರತ್ನಮ್ಮನಿಗೆ ಹೇಳಿದ.

ಎದುರು ಚಪ್ಪರದಲ್ಲಿ ಅರಿಶಿನ ಹಚ್ಚಿಸಿಕೊಳ್ಳುತ್ತಿದ್ದ ಹುಡುಗಿ ಏನಕ್ಕೋ ಕಿಲಕಿಲ ನಕ್ಕಿದ್ದು ಒಳಗಿನವರೆಗೆ ಕೇಳಿಸಿತು. ಅಶ್ವತ್ಥಪ್ಪ ಆ ಕಲ್ಲಿನ ಮೇಲೆಯೇ ಕೂತು ಅತ್ತುಬಿಟ್ಟ.