ಗ್ರೀಕ್ ತಲೆ, ಲ್ಯಾಟಿನ್ ಬಾಲ

ಮಕ್ಕಳೇ, ನಿಮ್ಮ ತಾತ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ನಾವು ಒಂಟಿಕೊಪ್ಪಲಿನಲ್ಲಿದ್ದಾಗ ಅವರಿಗೆ ಬೆಟ್ಟದ ತಪ್ಪಲಿನಲ್ಲಿ ಯಾರೂ ಕಾಣದ ಗಿಡವೊಂದು ಸಿಕ್ಕಿತು. ದನ ಮೇಯಿಸುವವರು ದಿನವೂ ಕಾಣುತ್ತಿದ್ದರು, ಆದರೆ ಅವರು ಲೆಕ್ಕಕ್ಕಿಲ್ಲ. ಅದಕ್ಕೆ ತಾವೇ ಕಟ್ಟಿದ ಲ್ಯಾಟಿನ್ ಹೆಸರು ಅಚ್ಚಾಗಬೇಕೆಂಬುದು ತಾತನ ಆಸೆ. ನಮ್ಮ ಹೆಣ್ಣುಮಕ್ಕಳಿಗೆ ಪಂಚಾಂಗ ನೋಡಿ ನಿಮಿಷದಲ್ಲಿ ಹೆಸರಿಟ್ಟವರು ಈ ಗಿಡಕ್ಕೆ ಒಂದು ಮಳೆಗಾಲ ತೆಗೆದುಕೊಂಡರು.

ಎಲೆ ಅಗಲ. ಅಗಲಕ್ಕೆ ‘ಪ್ಲಾಟಿ’, ಎಲೆಗೆ ‘ಫೋಲಿಯ’; ಸೇರಿಸಿದರೆ ಪ್ಲಾಟಿಫೋಲಿಯ, ಅಗಲ ಎಲೆಯುಳ್ಳದ್ದು. ನಮ್ಮ ಹಳ್ಳಿಯ ಶಾಲೆಯಲ್ಲಿ ಮುಕ್ಕಣ್ಣ ಎಂದರೆ ಮೂರು ಕಣ್ಣುಳ್ಳವನು ಎಂದು ಕಲಿಸಿದ್ದರಲ್ಲ, ಅದೇ ಬಹುವ್ರೀಹಿ. ಇದನ್ನು ಕಲಿಯಲು ತಾತನಿಗೆ ಸೀಮೆಯ ಪುಸ್ತಕ ಬೇಕಾಯಿತು.

“ಗಂಡಿಗೆ ಫೋಲಿಯಸ್, ಹೆಣ್ಣಿಗೆ ಫೋಲಿಯ, ಎರಡೂ ಅಲ್ದಿದ್ರೆ ಫೋಲಿಯಂ. ವಿಶೇಷಣಕ್ಕೆ ಸ್ವಂತ ಲಿಂಗ, ವಚನ, ವಿಭಕ್ತಿ ಏನೂ ಇರಲ್ಲ ಕಣೇ. ನಾಮಪದ ಹೇಗೋ ಹಾಗೆ ಬಾಲ ಬದಲಾಯಿಸ್ಕೋಬೇಕು,” ಎಂದರು.

“ಅದು ನನಗೆ ಗೊತ್ತಾಗತ್ತೆ ಬಿಡಿ,” ಎಂದೆ.

ಯಾದವಗಿರಿಯಲ್ಲಿ ಒಬ್ಬರು ನಿವೃತ್ತ ಪ್ರೊಫೆಸರರಿದ್ದರು. ಅವರು ಒಪ್ಪದೆ ಯಾವುದೂ ಅಚ್ಚಿಗೆ ಹೋಗುತ್ತಿರಲಿಲ್ಲ. ಒಂದು ಭಾನುವಾರ ತಾತ ಅವರನ್ನು ಮನೆಗೆ ಕರೆದರು. ಪರರ ಮುಂದೆ ಬರಲು ನಾಚಿಕೆಯಾಗಿ ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ.

“ಏನ್ರೀ, ಅರಿಸಮಾಸ ಮಾಡ್ಬುಟ್ಟಿದ್ದೀರಿ. ಕನ್ನಡಕ್ಕೆ ಸಂಸ್ಕೃತ ಅಂಟಿಸ್ದಂಗೆ, ಗ್ರೀಕ್ ತಲೆಗೆ ಲ್ಯಾಟಿನ್ ಬಾಲ. ಪೂರ್ತಿ ಲ್ಯಾಟಿನ್ ಮಾಡಿ, ಲ್ಯಾಟಿಫೋಲಿಯ.”

“ಆ ಹೆಸರು ಇದೇ ಕುಲದ ಇನ್ನೊಂದು ಗಿಡಕ್ಕಿದೆ ಸಾರ್.”

“ಪೂರ್ತಿ ಗ್ರೀಕ್ ಮಾಡಿ, ಪ್ಲಾಟಿಫಿಲ.”

“ಅದೂ ಇದೆ ಸಾರ್. ಬೆರಕೆ ಬೇಡ ಅನ್ನೋದು ಬರೀ ಸಲಹೆ, ನಿಷೇಧ ಏನಿಲ್ಲ.”

“ನಿಷೇಧ ಇಲ್ಲ ಅಂತ ಮರ್ಯಾದಸ್ಥರು ಮಾಡ್ತಾರೇನ್ರೀ?” ಎಂದು ಪ್ರೊಫೆಸರರು ಕಾಫಿ ಗುಟುಕರಿಸಿದರು. ಆಮೇಲೆ ಛಾವಣಿ ನೋಡುತ್ತ, “ಹಿರಿಯರ ಹೆಸರಿಡೋ ಪದ್ಧತಿನೂ ಉಂಟು,” ಎಂದರು.

ಮನೆಯಲ್ಲಿ ಬೇರೆ ಹಿರಿಯರು ಯಾರೂ ಇರಲಿಲ್ಲ.

ತಾತ, “ತಮ್ಮ ಹೆಸರಿಗಿಂತ ಒಳ್ಳೇದು ಯಾವುದಿದೆ ಸಾರ್,” ಎಂದರು. ಅಲ್ಲಿಗೆ ಮಳೆಗಾಲದ ವ್ಯಾಕರಣ ಮುಗಿಯಿತು. ಪ್ರೊಫೆಸರರ ಹೆಸರಿನ ಕೊನೆಗೆ ಒಂದು ‘ಐ’ ಹಚ್ಚಿದರೆ ಷಷ್ಠೀ ವಿಭಕ್ತಿಯಂತೆ, ಸಮಾಸದ ಗೋಜಿಲ್ಲ. ಗಿಡ ಹೆಣ್ಣಾದರೂ ಬಾಲ ಬದಲಾಯಿಸಬೇಕಾಗಿಲ್ಲ, ಪ್ರೊಫೆಸರರು ಗಂಡಸಾಗಿದ್ದರೆ ಸಾಕು.

ಅಚ್ಚಾಗಿ ಬಂದ ಪುಟವನ್ನು ತಾತ ನನಗೆ ತೋರಿಸಿದರು. ಮೊದಲು ಗಿಡದ ಕುಲ, ಆಮೇಲೆ ಪ್ರೊಫೆಸರರು, ಕೊನೆಗೆ ಹೆಸರಿಟ್ಟವರೆಂದು ತಾತ. ಅಲ್ಲಿ ತಾತನ ಹೆಸರನ್ನು ಮೂರಕ್ಷರಕ್ಕೆ ಮೊಟಕು ಮಾಡಿ ಚುಕ್ಕಿ ಇಟ್ಟಿದ್ದರು. ಅದೂ ಪದ್ಧತಿಯಂತೆ.