ಕಿವಿರಾಯರ ತಕರಾರು

ಸ್ಟುಡಿಯೋದಲ್ಲಿ ಹಾಡುಗಳ ಸದ್ದು ತಿದ್ದುವ ನಮ್ಮ ಕಿವಿರಾಯರಿಗೆ ಮೆಚ್ಚಿಗೆಯಾಗುವ ಹೆಡ್‌ಫೋನು ಇನ್ನೂ ಹುಟ್ಟಿಲ್ಲ. ಬೆನ್ನು ತೆರೆದ, ಸದ್ದು ಹೊರಗೂ ಸೋರುವ ಜಾತಿಯವೇ ಆಗಬೇಕು. ಮುಚ್ಚಿದವು ಅವರ ಪಾಲಿಗೆ ಡಬ್ಬಿಯೊಳಗೆ ತಲೆ ತೂರಿಸಿದ ಹಾಗೆ. ಊಟದ ಮೇಜಿನ ಮೇಲೆ ನಾಲ್ಕನ್ನು ಸಾಲಾಗಿಟ್ಟು, ಫ್ಯಾನು ಆರಿಸಿ, ಉಸಿರಾಡಿದವರನ್ನೆಲ್ಲ ದುರುಗುಟ್ಟಿ ನೋಡುತ್ತ, ಒಂದೇ ಹಾಡನ್ನು ನೂರು ಸಲ ಕೇಳುತ್ತಾರೆ. ಒಂದರಲ್ಲಿ ಡ್ರಮ್ಮಿಗೆ ಹೊಟ್ಟೆಯುಬ್ಬರ, ಇನ್ನೊಂದರಲ್ಲಿ ಪಿಟೀಲಿಗೆ ನೆಗಡಿ, ಮೂರನೆಯದರಲ್ಲಿ ಹಾಡುವಾಕೆ ಬಚ್ಚಲಿಗೆ ಹೋಗಿ ನಿಂತಿದ್ದಾಳೆ! ಈಚೆಗಂತೂ ಎಲ್ಲದರ ಮೇಲೂ ಹೆಂಡತಿಯ ಹತ್ತಿರ ಒಂದೇ ದೂರು: "ಎರಡನೇ ಚರಣದಲ್ಲಿ ಸಣ್ಣ ಗಂಟೆ ಇದೆ ಕಣೇ, ನಾನೇ ಕೂರಿಸಿದ್ದು. ಈ ದರಿದ್ರದವು ಅದನ್ನ ನುಂಗಿಬಿಡ್ತವೆ!" ನಾಲ್ಕನೆಯದನ್ನು ತಲೆಗೇರಿಸಿಕೊಂಡು ಹಾಗೆಯೇ ಶಪಿಸುತ್ತಿದ್ದಾಗ, ಎದುರಿಗೆ ಬಟ್ಟೆ ಮಡಿಸುತ್ತಿದ್ದ ಹೆಂಡತಿ ಕೈ ನಿಲ್ಲಿಸಿದರು. "ಅಯ್ಯೋ, ನಂಗೆ ಇಲ್ಲಿಗೇ ಕೇಳಿಸ್ತಲ್ರೀ, ಟಿಣ್ ಟಿಣ್ ಅಂತ." ರಾಯರು ಅದೇ ಚರಣವನ್ನು ಮತ್ತೆ ಹಾಕಿದರು, ಗಂಟೆಯ ಜಾಗ ಬಂದಾಗ ಆಕೆ ಮತ್ತೆ ಹೂಂ ಎಂದು ತಲೆಯಾಡಿಸಿದರು. ಕಿವಿಯನ್ನು ನಂಬಿಯೇ ಅನ್ನ ಉಣ್ಣುವ ರಾಯರು ಹಾಡು ನಿಲ್ಲಿಸಿದರು. ಆಮೇಲೆ ಪಕ್ಕದ ಕುರ್ಚಿ ಎಳೆದು, ಮೆಲ್ಲಗೆ ಅಂದರು: "ಸ್ಟುಡಿಯೋದವ್ರಿಗೆ ಹೇಳ್ಬೇಡ. ಇಲ್ಲಿ ಕೂತ್ಕೋ. ಗಂಟೆ ಬಂದಾಗ ನನ್ನ ಕೈ ಮುಟ್ಟು."